ಅಡುಗೆಮನೆ ಹತ್ತು ವರ್ಷಕ್ಕೂ ಹಳೇದು ಅನ್ನಿಸಬಾರದು ಅಂದ್ರೆ...

ಚನ್ನರಾಯಪಟ್ಟಣ: ಹೊಸ ಮನೆ ಕಟ್ಟಿಸೋರು ಈಗ ಮೊಬೈಲ್‌ನಲ್ಲಿ ಫೋಟೊ ತೋರಿಸಿ ‘ಇದೇ ಥರ ಮಾಡಿ’ ಅಂತಾರೆ. ಆ ಫೋಟೊದ ಅಡುಗೆಮನೆಯಲ್ಲಿ ಯಾರೂ ಮುದ್ದೆ ತಿರುವಲ್ಲ, ಕಾಯಿ ತುರಿಯಲ್ಲ.

ಬಣ್ಣದ ಆಸೆ ಇದ್ದರೆ ಗೋಡೆಗೆ, ಕಬೋರ್ಡ್ ಬಾಗಿಲಿಗೆ ಇರಲಿ, ಬೇಸರವಾದಾಗ ಬದಲಿಸಬಹುದು. ಕಟ್ಟೆಯ ಕಲ್ಲು ಬದಲಿಸಬೇಕಾದರೆ ಸಿಂಕು, ಟೈಲ್ಸ್ ಎಲ್ಲ ಕೀಳಬೇಕು. ಅದಕ್ಕೆ ಕಪ್ಪು ಗ್ರಾನೈಟೇ ವಾಸಿ. ಬಿಳಿ ಮಾರ್ಬಲ್ ಮೇಲೆ ಅರಿಶಿನದ ಕಲೆ ಕೂರುತ್ತದೆ, ಹುಣಸೆಹುಳಿ, ನಿಂಬೆರಸ ಬಿದ್ದರೆ ಹೊಳಪೇ ಹೋಗುತ್ತದೆ.

ದುಡ್ಡು ಹಾಳಾಗೋದು ಹೆಚ್ಚಾಗಿ ಸಿಂಕಿನ ಕೆಳಗೆ. ಪಾರ್ಟಿಕಲ್ ಬೋರ್ಡ್‌ಗೆ ಎಂಥ ಚೆಂದದ ಲ್ಯಾಮಿನೇಟ್ ಅಂಟಿಸಿದರೂ ಅಂಚಿನಿಂದ ನೀರು ಕುಡಿದು ಉಬ್ಬುತ್ತದೆ. ಉಬ್ಬಿದ್ದು ಮತ್ತೆ ಕೂರಲ್ಲ. ಪ್ಲೈವುಡ್ ಆದರೆ ಹಾಳೆ ಮೇಲೆ ‘ಐಎಸ್ 710’ ಮುದ್ರೆ ನೋಡಿ, ಬಿಲ್‌ನಲ್ಲೂ ಬರೆಸಿಕೊಳ್ಳಿ. ಅದೂ ಬೇಡವೆಂದರೆ ಇಟ್ಟಿಗೆ ಗೋಡೆ ಎಬ್ಬಿಸಿ, ಕಡಪ ಕಲ್ಲು ಕೂರಿಸಿ, ಮುಂದಕ್ಕೆ ಬಾಗಿಲು ಮಾತ್ರ ಮಾಡಿಸಬಹುದು. ಹಳೇ ಪದ್ಧತಿಯೇ, ಆದರೆ ಗೆದ್ದಲಿಗೂ ನೀರಿಗೂ ಜಗ್ಗಲ್ಲ.

ಕಟ್ಟೆ ಎತ್ತರ ಸಾಮಾನ್ಯವಾಗಿ 32ರಿಂದ 34 ಇಂಚು. ದಿನಾ ಮುದ್ದೆ ಮಾಡೋ ಮನೆಯಲ್ಲಿ ಒಲೆ ಇಡೋ ಜಾಗ ಸ್ವಲ್ಪ ತಗ್ಗಿದ್ದರೆ ಕೋಲು ತಿರುವುವಾಗ ಹೆಗಲು ನೋಯಲ್ಲ. ಗಾರೆಯವರು ಕಟ್ಟೆ ಎಬ್ಬಿಸುವ ಮುಂಚೆ ಅಡುಗೆ ಮಾಡೋರನ್ನೇ ನಿಲ್ಲಿಸಿ ಅಳತೆ ತಗೊಳ್ಳಲಿ.