ರಿಫಾಮೈಸಿನ್ ಮತ್ತು ಯಕೃತ್ತು: ಮಲೆನಾಡಿನ ಮೂರು ತಾಲ್ಲೂಕುಗಳ ಹಿನ್ನೆಲೆಯಲ್ಲಿ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಕ್ಷಯರೋಗಕ್ಕೆ ಮಾತ್ರೆ ನುಂಗುತ್ತಿರುವವರ ಕಣ್ಣು ಹಳದಿಯಾದರೆ ಅದರ ಹೊಣೆಯನ್ನು ಕೂಡಲೇ ಮಾತ್ರೆಯ ಮೇಲೆ ಹೊರಿಸುವುದು ಸುಲಭ. ಆದರೆ ಮಳೆಗಾಲದಲ್ಲಿ ಇಲಿಜ್ವರ, ಬೇಸಿಗೆಯಲ್ಲಿ ಮಂಗನಕಾಯಿಲೆ, ವರ್ಷವಿಡೀ ವೈರಾಣುಗಳಿಂದಾಗುವ ಕಾಮಾಲೆ ಮತ್ತು ಮದ್ಯಪಾನ, ಇವೆಲ್ಲವೂ ಯಕೃತ್ತನ್ನು ಬಾಧಿಸುವ ನೆಲದಲ್ಲಿ ಆ ತೀರ್ಮಾನ ಅವಸರದ್ದಾಗುತ್ತದೆ. ಪಿತ್ತರಸವನ್ನು ಸ್ರವಿಸುವ, ಬಹುಪಾಲು ಔಷಧಗಳನ್ನು ಪರಿವರ್ತಿಸಿ ಹೊರಹಾಕುವ ಈ ಅಂಗಕ್ಕೂ ಕ್ಷಯ ಚಿಕಿತ್ಸೆಯ ಬೆನ್ನೆಲುಬಾದ ರಿಫಾಂಪಿಸಿನ್ ಔಷಧಕ್ಕೂ ಇರುವ ನಂಟು ಅರವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಹಂತಹಂತವಾಗಿ ಬಿಡಿಸಿಕೊಂಡದ್ದು. ರಿಫಾಂಪಿಸಿನ್ ಸೇರಿರುವ ರಿಫಾಮೈಸಿನ್ ಎಂಬ ಔಷಧಕುಲ ಯಕೃತ್ತಿಗೆ ಹಾನಿ ಮಾಡಬಲ್ಲದು, ಹಾನಿಯಂತೆ ತೋರುವ ನಿರುಪದ್ರವಿ ಬದಲಾವಣೆಯನ್ನೂ ತರಬಲ್ಲದು, ಕೆಲವು ಯಕೃತ್ ರೋಗಗಳಿಗೆ ಮದ್ದೂ ಆಗಬಲ್ಲದು ಎಂಬುದು ಆ ಇತಿಹಾಸದ ತಿರುಳು.

ಫ್ರಾನ್ಸಿನ ದಕ್ಷಿಣ ಕರಾವಳಿಯ ಸೇಂಟ್ ರಫೇಲ್ ಬಳಿಯ ಪೈನ್ ಕಾಡಿನ ಮಣ್ಣಿನಲ್ಲಿ ದೊರೆತ ಬ್ಯಾಕ್ಟೀರಿಯಾವೊಂದರಿಂದ ಮಿಲಾನಿನ ಲೆಪೆಟಿಟ್ ಪ್ರಯೋಗಾಲಯದಲ್ಲಿ ಪಿಯೆರೊ ಸೆನ್ಸಿ, ಮಾರಿಯಾ ತೆರೇಸಾ ಟಿಂಬಾಲ್ ಮತ್ತು ಸಹೋದ್ಯೋಗಿಗಳು ಮೊದಲ ರಿಫಾಮೈಸಿನ್‌ಗಳನ್ನು ಪ್ರತ್ಯೇಕಿಸಿದ್ದು 1957ರಲ್ಲಿ. ಅದೇ ವರ್ಷ, ಸಾಗರಕ್ಕೆ ಹೊಂದಿಕೊಂಡಿರುವ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ ಮಂಗನಕಾಯಿಲೆಯ ವೈರಾಣು ಪತ್ತೆಯಾಯಿತು. ಎರಡಕ್ಕೂ ಆಗ ಯಾವ ಸಂಬಂಧವೂ ಇರಲಿಲ್ಲ. ಅವು ಒಂದೇ ರೋಗಿಯ ಹಾಸಿಗೆಯ ಬಳಿ ಎದುರಾಗುವುದು ಬಹುಕಾಲದ ನಂತರದ ಮಾತು.

ಮೊದಲು ಬಳಕೆಗೆ ಬಂದ ರಿಫಾಮೈಸಿನ್ ಎಸ್‌ವಿ ಬಾಯಿಯ ಮೂಲಕ ಕೊಟ್ಟರೆ ರಕ್ತ ಸೇರುತ್ತಿರಲಿಲ್ಲ. ಚುಚ್ಚುಮದ್ದಾಗಿ ಕೊಟ್ಟರೆ ಯಕೃತ್ತು ಅದನ್ನು ಬೇಗನೆ ಹೀರಿ ಪಿತ್ತರಸಕ್ಕೆ ಸುರಿದುಬಿಡುತ್ತಿತ್ತು. ಹೀಗಾಗಿ ಅದು ಪಿತ್ತನಾಳದ ಸೋಂಕಿಗೆ ಒದಗಿತೇ ಹೊರತು ಕ್ಷಯಕ್ಕೆ ಹೆಚ್ಚು ನೆರವಾಗಲಿಲ್ಲ. ಈ ಕುಂದನ್ನು ನೀಗಲು ಅಣುವಿನ ರಚನೆಯನ್ನು ಮಾರ್ಪಡಿಸುತ್ತ ಹೋದ ಸಂಶೋಧಕರಿಗೆ 1965ರಲ್ಲಿ ರಿಫಾಂಪಿಸಿನ್ ದೊರಕಿತು. ಅದು 1968ರಲ್ಲಿ ಇಟಲಿಯಲ್ಲಿ, 1971ರಲ್ಲಿ ಅಮೆರಿಕದಲ್ಲಿ ಚಿಕಿತ್ಸೆಗೆ ಬಂತು. ಆರ್‌ಎನ್‌ಎಯನ್ನು ಕಟ್ಟುವ ಬ್ಯಾಕ್ಟೀರಿಯಾದ ಕಿಣ್ವವನ್ನು ತಡೆಯುವ ಈ ಔಷಧ ಐಸೋನಿಯಾಜಿಡ್ ಮತ್ತು ಪೈರಾಜಿನಮೈಡ್‌ಗಳೊಡನೆ ಸೇರಿ, ಒಂದೂವರೆ ವರ್ಷ ಹಿಡಿಯುತ್ತಿದ್ದ ಕ್ಷಯ ಚಿಕಿತ್ಸೆಯನ್ನು ಆರು ತಿಂಗಳಿಗೆ ಇಳಿಸಿತು.

ಯಕೃತ್ತಿನ ಪ್ರಶ್ನೆ ಬಹುಬೇಗ ಎದ್ದಿತು. ಔಷಧ ಆರಂಭಿಸಿದ ಮೊದಲ ದಿನಗಳಲ್ಲಿ ಕೆಲವರ ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ವರ್ಣದ್ರವ್ಯ ಏರಿ, ಚಿಕಿತ್ಸೆ ಮುಂದುವರಿದರೂ ತಾನಾಗಿ ಇಳಿಯುತ್ತಿದ್ದುದನ್ನು 1970ರ ದಶಕದ ಆರಂಭದ ಅಧ್ಯಯನಗಳು ಗಮನಿಸಿದವು. ರಕ್ತದಿಂದ ಬಿಲಿರುಬಿನ್ನನ್ನು ಯಕೃತ್ ಕೋಶದೊಳಕ್ಕೆ ಸೆಳೆಯುವ ಮತ್ತು ಕೋಶದಿಂದ ಪಿತ್ತಲವಣಗಳನ್ನು ಹೊರಕ್ಕೆ ದಾಟಿಸುವ ಸಾಗಣೆ ಪ್ರೋಟೀನುಗಳ ಜಾಗಕ್ಕೆ ರಿಫಾಂಪಿಸಿನ್ ಸ್ಪರ್ಧಿಸುವುದೇ ಇದಕ್ಕೆ ಕಾರಣ; ಇಲ್ಲಿ ಕೋಶ ಸಾಯುವುದಿಲ್ಲ, ದಾರಿಯಷ್ಟೇ ಕೆಲಕಾಲ ಇಕ್ಕಟ್ಟಾಗುತ್ತದೆ. ಮೂತ್ರ, ಬೆವರು, ಕಣ್ಣೀರುಗಳು ಕೆಂಪು-ಕಿತ್ತಳೆಗೆ ತಿರುಗುವುದಂತೂ ಔಷಧದ ಸ್ವಂತ ಬಣ್ಣದಿಂದ. ಮೊದಲ ದಿನವೇ ಇದನ್ನು ತಿಳಿಸದಿದ್ದರೆ ರೋಗಿ ಕಾಮಾಲೆಯೆಂದು ಹೆದರಿ, ಮಾತ್ರೆ ಬಿಟ್ಟು, ಪಥ್ಯ ಹಿಡಿದು ನೆಲನೆಲ್ಲಿಯ ಹಳ್ಳಿಮದ್ದಿಗೆ ಹೋಗುವುದು ಸಹಜ, ಮತ್ತು ಆ ತಪ್ಪು ರೋಗಿಯದಲ್ಲ.

ನಿಜವಾದ ಯಕೃತ್ ಉರಿಯೂತದ ಕಥೆ ಬೇರೆ. ಐಸೋನಿಯಾಜಿಡ್ ಒಂದನ್ನೇ ತೆಗೆದುಕೊಂಡವರಿಗಿಂತ ಅದರೊಡನೆ ರಿಫಾಂಪಿಸಿನ್ ಸೇವಿಸಿದವರಲ್ಲಿ ಉರಿಯೂತ ಹೆಚ್ಚೆಂದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 1991ರಲ್ಲಿ ಪ್ರಕಟವಾದ ವಿಶ್ಲೇಷಣೆ ತೋರಿಸಿತು. ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಐಸೋನಿಯಾಜಿಡ್‌ನಿಂದ ಹೈಡ್ರಜಿನ್ ಎಂಬ ವಿಷಕಾರಿ ವಸ್ತು ಹುಟ್ಟುವುದನ್ನು ಹೆಚ್ಚಿಸುವುದು ಇದಕ್ಕೆ ಕೊಡಲಾಗುವ ಮುಖ್ಯ ವಿವರಣೆ. ಕನ್ನಡ ನಾಡಿನ ರೋಗಿಗಳಿಗೆ ಹೆಚ್ಚು ಹತ್ತಿರವಾದದ್ದು ಮದರಾಸಿನ ಕ್ಷಯ ಸಂಶೋಧನಾ ಕೇಂದ್ರ 1986ರಲ್ಲಿ ದಕ್ಷಿಣ ಭಾರತದ ರೋಗಿಗಳ ಬಗ್ಗೆ ಪ್ರಕಟಿಸಿದ ವರದಿ. ಮಿದುಳು ಪೊರೆಯ ಕ್ಷಯವಿದ್ದ ಮಕ್ಕಳಲ್ಲಿ ಈ ತೊಂದರೆ ಶ್ವಾಸಕೋಶದ ಕ್ಷಯವಿದ್ದವರಿಗಿಂತ ಬಹಳ ಹೆಚ್ಚಾಗಿತ್ತೆಂದು ಅದು ದಾಖಲಿಸಿತು. ಅಂದರೆ ಅಪಾಯದ ಪ್ರಮಾಣವನ್ನು ಔಷಧದೊಂದಿಗೆ ರೋಗಿಯ ವಯಸ್ಸು, ಪೋಷಣೆ, ರೋಗದ ತೀವ್ರತೆಗಳೂ ನಿರ್ಧರಿಸುತ್ತವೆ.

ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸುವ ರಿಫಾಂಪಿಸಿನ್‌ನ ಈ ಗುಣದ ಕೀಲಿ ಸಿಕ್ಕಿದ್ದು 1998ರಲ್ಲಿ. ಮನುಷ್ಯನ ಯಕೃತ್ ಕೋಶದ ಕೇಂದ್ರದಲ್ಲಿರುವ ಪಿಎಕ್ಸ್‌ಆರ್ ಎಂಬ ಗ್ರಾಹಕ ಪ್ರೋಟೀನು ರಿಫಾಂಪಿಸಿನ್ನನ್ನು ಗುರುತಿಸಿದೊಡನೆ ಔಷಧಗಳನ್ನು ಕರಗಿಸುವ ಕಿಣ್ವಗಳ ವಂಶವಾಹಿಗಳು ಎಚ್ಚರಗೊಳ್ಳುತ್ತವೆ. ಗರ್ಭನಿರೋಧಕ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಸಕ್ಕರೆಕಾಯಿಲೆಯ ಕೆಲವು ಔಷಧಗಳು, ಎಚ್ಐವಿ ಔಷಧಗಳು ರಿಫಾಂಪಿಸಿನ್ ಜೊತೆಗೆ ಬಲಗುಂದುವುದು ಇದರಿಂದಲೇ.

ಇದೇ ಗುಣ ಮದ್ದಾಗಿಯೂ ಒದಗಿತು. ಪಿತ್ತನಾಳಗಳು ಸವೆದು ಪಿತ್ತ ಕಟ್ಟಿಕೊಳ್ಳುವ ರೋಗಗಳಲ್ಲಿ ಕಾಡುವ, ನಿದ್ದೆಗೆಡಿಸುವ ತುರಿಕೆಯನ್ನು ರಿಫಾಂಪಿಸಿನ್ ಶಮನಗೊಳಿಸುವುದೆಂದು 1988ರಲ್ಲಿ ಗೆಂಟ್ ಮತ್ತು ಕ್ಯಾರುಥರ್ಸ್ ತೋರಿಸಿದರು. ತುರಿಕೆಯ ಸಂಕೇತ ಹುಟ್ಟಿಸುವ ಆಟೊಟಾಕ್ಸಿನ್ ಎಂಬ ಕಿಣ್ವದ ಉತ್ಪಾದನೆಯನ್ನು ಪಿಎಕ್ಸ್‌ಆರ್ ಮೂಲಕ ಅದು ತಗ್ಗಿಸುತ್ತದೆಂಬ ವಿವರಣೆ 2012ರಲ್ಲಿ ಬಂತು. ಯಕೃತ್ತಿಗೆ ಅಪಾಯಕಾರಿ ಎನಿಸಿದ ಔಷಧವನ್ನೇ ಯಕೃತ್ ರೋಗಿಗೆ ಕೊಡುವಾಗ ರಕ್ತಪರೀಕ್ಷೆಯ ನಿಗಾ ಬೇಕೇ ಬೇಕು. ಇದೇ ಕುಲದ ರಿಫಾಕ್ಸಿಮಿನ್ ಕರುಳಿನಿಂದ ರಕ್ತಕ್ಕೆ ಹೆಚ್ಚುಕಡಿಮೆ ಹೋಗುವುದೇ ಇಲ್ಲ. ಕರುಳಿನ ಬ್ಯಾಕ್ಟೀರಿಯಾಗಳು ಅಮೋನಿಯಾ ಮೊದಲಾದ ವಿಷಗಳನ್ನು ಉತ್ಪಾದಿಸುವುದನ್ನು ತಗ್ಗಿಸಿ, ಸಿರೋಸಿಸ್ ಬಂದವರಿಗೆ ಮಂಕು ಕವಿಯುವುದನ್ನು ತಡೆಯುತ್ತದೆ. 299 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆರು ತಿಂಗಳೊಳಗೆ ಮಂಕು ಮರುಕಳಿಸಿದ್ದು ಔಷಧ ಪಡೆದವರಲ್ಲಿ ಶೇ. 22ರಷ್ಟು ಮಂದಿಗೆ, ಹುಸಿಮಾತ್ರೆ ಪಡೆದವರಲ್ಲಿ ಶೇ. 46ರಷ್ಟು ಮಂದಿಗೆ.

ಕ್ಷಯ ಚಿಕಿತ್ಸೆಗೆ ಮರಳಿದರೆ, ಭಾರತದಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಕ್ಷೇತ್ರ ಸಂಶೋಧನೆಯ ತಳಹದಿಯ ಮೇಲೆ 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. 1990ರ ದಶಕದ ಕೊನೆಯಿಂದ ವಾರಕ್ಕೆ ಮೂರು ದಿನ, 2017ರಿಂದ ಪ್ರತಿದಿನ, ದೇಹದ ತೂಕಕ್ಕೆ ತಕ್ಕಂತೆ ಕೂಡುಮಾತ್ರೆಗಳನ್ನು ಕೊಡುವ ಪದ್ಧತಿ ಬಂತು. ಮೊದಲ ಎರಡು ತಿಂಗಳ ಒಂದು ಮಾತ್ರೆಯಲ್ಲಿ 75 ಮಿಲಿಗ್ರಾಂ ಐಸೋನಿಯಾಜಿಡ್, 150 ಮಿಲಿಗ್ರಾಂ ರಿಫಾಂಪಿಸಿನ್, 400 ಮಿಲಿಗ್ರಾಂ ಪೈರಾಜಿನಮೈಡ್, 275 ಮಿಲಿಗ್ರಾಂ ಎಥಾಂಬ್ಯುಟಾಲ್ ಇರುತ್ತವೆ. ಇವುಗಳಲ್ಲಿ ಎಥಾಂಬ್ಯುಟಾಲ್ ಬಿಟ್ಟರೆ ಉಳಿದ ಮೂರೂ ಯಕೃತ್ತಿಗೆ ತೊಂದರೆ ಕೊಡಬಲ್ಲವು, ಅವುಗಳಲ್ಲಿ ರಿಫಾಂಪಿಸಿನ್ ಸಾಮಾನ್ಯವಾಗಿ ಕಡಿಮೆ ಅಪಾಯಕಾರಿ. ಕೂಡುಮಾತ್ರೆ ನುಂಗುವವರಿಗೆ ಅನುಕೂಲ. ಯಾವುದು ತೊಂದರೆ ಕೊಟ್ಟಿತೆಂದು ಹುಡುಕುವ ವೈದ್ಯರಿಗೆ ಮಾತ್ರ ಅದು ತೊಡಕು.

ಮಲೆನಾಡಿನಲ್ಲಿ ಈ ಹುಡುಕಾಟಕ್ಕೆ ಋತುವೂ ಸೇರಿಕೊಳ್ಳುತ್ತದೆ. ಆರು ತಿಂಗಳ ಚಿಕಿತ್ಸೆ ಜೂನ್‌ನಲ್ಲಿ ಶುರುವಾದರೆ ಅದು ಬರಿಗಾಲಲ್ಲಿ ಗದ್ದೆಗಿಳಿಯುವ, ತೋಟದ ನೀರಲ್ಲಿ ನಿಲ್ಲುವ ತಿಂಗಳುಗಳನ್ನು ಹಾದುಹೋಗುತ್ತದೆ. ಇಲಿಯ ಮೂತ್ರದಿಂದ ನೀರಿಗೆ ಸೇರಿದ ಲೆಪ್ಟೊಸ್ಪೈರಾ ಚರ್ಮದ ಗಾಯದ ಮೂಲಕ ಒಳಹೊಕ್ಕು ಇಲಿಜ್ವರ ತರುವುದು ಆಗಲೇ. ಅದರ ಕಾಮಾಲೆಯಲ್ಲಿ ಬಿಲಿರುಬಿನ್ ಬಹಳ ಏರಿದರೂ ಎಎಲ್‌ಟಿ ಎಂಬ ಯಕೃತ್ ಕಿಣ್ವ ಅಷ್ಟಾಗಿ ಏರುವುದಿಲ್ಲ. ಜ್ವರ, ಮೀನಖಂಡದ ತೀವ್ರ ನೋವು, ಕಣ್ಣು ಕೆಂಪಾಗುವುದು, ಮೂತ್ರಪಿಂಡದ ತೊಂದರೆ ಜೊತೆಗಿರುತ್ತವೆ. ಔಷಧದಿಂದಾದ ಉರಿಯೂತದಲ್ಲಿ ಕಿಣ್ವವೇ ಮುಂಚೂಣಿಯಲ್ಲಿ ಏರುವುದು ಹೆಚ್ಚು. ಡಿಸೆಂಬರ್‌ನಿಂದ ಮೇವರೆಗೆ ಮಂಗನಕಾಯಿಲೆಯ ಕಾಲ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಸುತ್ತಮುತ್ತ ಅದು ಜೀವಗಳನ್ನು ಬಲಿ ಪಡೆಯಿತು. ಆ ಜ್ವರದಲ್ಲೂ ಯಕೃತ್ ಕಿಣ್ವಗಳು ಏರುತ್ತವೆ, ಬಿಳಿರಕ್ತಕಣ ಮತ್ತು ಕಿರುಬಿಲ್ಲೆಗಳು ಇಳಿಯುತ್ತವೆ. ಆದ್ದರಿಂದ ಕ್ಷಯರೋಗಿಗೆ ಜ್ವರದೊಡನೆ ಕಣ್ಣು ಹಳದಿಯಾದರೆ ಮಾತ್ರೆ ನಿಲ್ಲಿಸುವುದರ ಜೊತೆಗೆ ಇಲಿಜ್ವರದ, ಋತುವಿಗೆ ತಕ್ಕಂತೆ ಮಂಗನಕಾಯಿಲೆಯ ಹಾಗೂ ಹೆಪಟೈಟಿಸ್ ಎ, ಬಿ, ಸಿ, ಇ ವೈರಾಣುಗಳ ಪರೀಕ್ಷೆ ಆಗಬೇಕು. ಇಲಿಜ್ವರಕ್ಕೆ ಬೇಗ ಪ್ರತಿಜೈವಿಕ ಸಿಗದಿದ್ದರೆ ಜೀವಕ್ಕೆ ಅಪಾಯ. ಕಾಮಾಲೆಯನ್ನು ಕ್ಷಯದ ಮಾತ್ರೆಗೆ ಆರೋಪಿಸಿ ಕುಳಿತರೆ ಕಳೆದುಹೋಗುವುದು ಆ ಹೊತ್ತೇ.

ಮಾತ್ರೆ ನಿಲ್ಲಿಸುವುದಕ್ಕೂ ಮಿತಿಯುಂಟು. ವಾಕರಿಕೆ, ಹೊಟ್ಟೆನೋವು, ಕಾಮಾಲೆಗಳಿದ್ದು ಎಎಲ್‌ಟಿ ಸಹಜ ಮಿತಿಯ ಮೂರು ಪಟ್ಟು ದಾಟಿದರೆ, ಲಕ್ಷಣಗಳಿಲ್ಲದೆ ಐದು ಪಟ್ಟು ದಾಟಿದರೆ ನಿಲ್ಲಿಸುವುದು ರೂಢಿಯ ನಿಯಮ. ರೋಗ ತೀವ್ರವಾಗಿದ್ದರೆ ಯಕೃತ್ತಿಗೆ ಹಿತವಾದ ಬದಲಿ ಔಷಧಗಳನ್ನು ಆ ಅವಧಿಯಲ್ಲಿ ಕೊಡಲಾಗುತ್ತದೆ. ಕಿಣ್ವ ಇಳಿದ ಮೇಲೆ ಔಷಧಗಳನ್ನು ಮತ್ತೆ ಕೊಡಬಹುದೆಂಬುದಕ್ಕೆ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ 2010ರ ಅಧ್ಯಯನ ಆಧಾರ: ಮೂರು ಬಗೆಯ ಕ್ರಮಗಳಲ್ಲಿ ಮರು ಆರಂಭಿಸಿದ 175 ಮಂದಿಯಲ್ಲಿ 19 ಮಂದಿಗೆ ಮಾತ್ರ ಉರಿಯೂತ ಮರುಕಳಿಸಿತು, ಮೂರೂ ಕ್ರಮಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕಾಮಾಲೆ ಬಂದ ಬಹುಪಾಲು ರೋಗಿಗಳಿಗೆ ರಿಫಾಂಪಿಸಿನ್ ಮತ್ತೆ ಲಭ್ಯವೆಂಬ ಈ ಅರಿವು ಮುಖ್ಯ, ಏಕೆಂದರೆ ಅದನ್ನು ಶಾಶ್ವತವಾಗಿ ಬಿಟ್ಟರೆ ಚಿಕಿತ್ಸೆ ಬಹಳ ದೀರ್ಘವಾಗುತ್ತದೆ.

ಈಗ ಪ್ರಶ್ನೆ ಆರೋಗ್ಯವಂತರತ್ತಲೂ ಹೊರಳಿದೆ. ರೋಗಿಯ ಮನೆಯವರಲ್ಲಿ ಅಡಗಿರಬಹುದಾದ ಸೋಂಕಿಗೆ ರಿಫಾಂಪಿಸಿನ್ ಮತ್ತು ಪೈರಾಜಿನಮೈಡ್‌ಗಳನ್ನು ಎರಡು ತಿಂಗಳು ಕೊಡಬೇಕೆಂದು 2000ದಲ್ಲಿ ಅಮೆರಿಕದಲ್ಲಿ ಮಾಡಿದ್ದ ಶಿಫಾರಸನ್ನು ತೀವ್ರ ಯಕೃತ್ ಹಾನಿ ಮತ್ತು ಸಾವುಗಳು ವರದಿಯಾದ ಮೇಲೆ 2003ರಲ್ಲಿ ಹಿಂತೆಗೆದುಕೊಳ್ಳಲಾಯಿತು. ವಾರಕ್ಕೊಮ್ಮೆಯಂತೆ ಹನ್ನೆರಡು ಸಲ ಕೊಡುವ, ಇದೇ ಕುಲದ ರಿಫಾಪೆಂಟಿನ್ ಮತ್ತು ಐಸೋನಿಯಾಜಿಡ್‌ಗಳ ಕ್ರಮದಲ್ಲಾದರೋ 2011ರ ಪ್ರಯೋಗದಲ್ಲಿ ಯಕೃತ್ ತೊಂದರೆ ಶೇ. 0.4 ಮಾತ್ರ, ಒಂಬತ್ತು ತಿಂಗಳ ಐಸೋನಿಯಾಜಿಡ್‌ನಲ್ಲಿ ಅದು ಶೇ. 2.7. ಭಾರತದ ಕಾರ್ಯಕ್ರಮವೂ 2021ರ ಮಾರ್ಗಸೂಚಿಯಲ್ಲಿ ಇದಕ್ಕೆ ಸ್ಥಾನ ಕೊಟ್ಟಿದೆ. ಅಡಿಕೆ ಕೊಯ್ಲು, ಗದ್ದೆಗೆಲಸಗಳ ನಡುವೆ ದಿನಂಪ್ರತಿ ಮಾತ್ರೆ ನೆನಪಿಡುವುದು ಕಷ್ಟವಾದ ಮನೆಗಳಿಗೆ ವಾರಕ್ಕೊಮ್ಮೆಯ ಕ್ರಮ ಒಗ್ಗುತ್ತದೆ. ಆದರೆ ಮಳೆಗಾಲದ ನಡುವೆ ಅದನ್ನು ಆರಂಭಿಸುವ ಮೊದಲು ಮದ್ಯಪಾನ, ಹಳೆಯ ಕಾಮಾಲೆ, ಇತ್ತೀಚಿನ ಜ್ವರಗಳನ್ನು ವಿಚಾರಿಸಿ, ಅನುಮಾನವಿದ್ದವರಿಗೆ ಯಕೃತ್ ಪರೀಕ್ಷೆ ಮಾಡಿಸಿಕೊಳ್ಳುವ ವ್ಯವಸ್ಥೆ ತಾಲ್ಲೂಕು ಆಸ್ಪತ್ರೆಯಲ್ಲೇ ಇರಬೇಕು.