ಕುದುರೆಮುಖದ ಗಣಿ ಮುಚ್ಚಿದ ಮೇಲೆ

ಕಳಸದಿಂದ ಸಂಸೆಯನ್ನು ದಾಟಿ ಕುದುರೆಮುಖದ ದಾರಿ ಹಿಡಿದರೆ, ಕಾಫಿ ತೋಟಗಳು ಹಿಂದುಳಿದು ಹುಲ್ಲುಗುಡ್ಡಗಳೂ ಶೋಲಾ ಕಾಡುಗಳೂ ಎದುರಾಗುವುವು. ಅವುಗಳ ನಡುವೆ ಮಲ್ಲೇಶ್ವರ. ಗಣಿಗಾಗಿಯೇ ಕಟ್ಟಿದ ಊರಿದು. ವಸತಿಗೃಹಗಳ ಸಾಲು ಉದ್ದವಾಗಿದೆ, ಒಕ್ಕಲು ವಿರಳ.

ಈ ಊರಿನ ಜಾತಕ ಬರೆದದ್ದು ದೂರದ ಪರ್ಷಿಯಾ ಎಂದರೆ ವಾಚಕರಿಗೆ ಸೋಜಿಗವಾದೀತು. 1975ರಲ್ಲಿ ಇರಾನಿನ ಷಾ ಸರಕಾರವು ಇಲ್ಲಿಯ ಅದಿರಿಗಾಗಿ 63 ಕೋಟಿ ಡಾಲರುಗಳ ಸಾಲಕ್ಕೆ ಒಪ್ಪಿತು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು. ಅದಿರು ಬಡಕಲು. ಅದನ್ನು ಅರೆದು, ಕಬ್ಬಿಣದ ಅಂಶವನ್ನು ಬೇರ್ಪಡಿಸಿ, ನೀರಿನೊಡನೆ ಬೆರೆಸಿ, ಸುಮಾರು 67 ಕಿ.ಮೀ. ಉದ್ದದ ಕೊಳವೆಯಲ್ಲಿ ಘಟ್ಟವಿಳಿಸಿ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಕೆಸರಿಗೆ ಲಕ್ಯಾ ಅಣೆಕಟ್ಟು. 1979ರಲ್ಲಿ ಷಾ ಪದಚ್ಯುತನಾದನು, ಕೊಳ್ಳುವವನೇ ಇಲ್ಲದಾಯಿತು. ಕಂಪನಿ ಮಾತ್ರ ಬೇರೆ ಗಿರಾಕಿಗಳನ್ನು ಹುಡುಕಿಕೊಂಡು ಬದುಕಿತು.

ಕಂಪನಿಗೆ ಕಡೆಯ ದಿನವನ್ನು ಗೊತ್ತುಮಾಡಿದ್ದು ಕಾಡು. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟು, ಅದಾಗಲೇ ಅಗೆದಿದ್ದ ನೆಲದಲ್ಲಿ 2005ರ ಅಂತ್ಯದವರೆಗೆ ಮಾತ್ರ ಗಣಿಗಾರಿಕೆಗೆ ಅವಕಾಶವಿತ್ತಿತು. ತುಂಗೆ, ಭದ್ರೆ, ನೇತ್ರಾವತಿಯರ ತವರಿನಲ್ಲಿ ಇಂಥ ತೀರ್ಪು ಬಂದುದು ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಕಾಡಿಗೂ ಅದಿರಿಗೂ ನಡೆದ ಆ ವ್ಯಾಜ್ಯದಲ್ಲಿ, ಕೂಲಿಗಾರನ ನಾಳೆಯೇನು ಎಂಬುದು ಮುಖ್ಯ ಪ್ರಶ್ನೆಯಾಗಲಿಲ್ಲ. ಮೂರು ವರ್ಷಗಳ ಗಡುವು ಸಣ್ಣದಲ್ಲ. ಆ ಅವಧಿಯಲ್ಲಿ ಗುತ್ತಿಗೆಯಾಳು, ಚಹದಂಗಡಿಯವ, ಶಾಲೆಯ ಮಕ್ಕಳು ಇವರೆಲ್ಲರ ಲೆಕ್ಕವೂ ನಡೆಯಬೇಕಿತ್ತು. ಕಾಯಂ ನೌಕರನಿಗಾದರೋ ಮಂಗಳೂರಿನ ಉಂಡೆ ಕಾರ್ಖಾನೆಯ ಬಾಗಿಲು ತೆರೆದೇ ಇತ್ತು. ಆ ಕಾರ್ಖಾನೆ ಬೇರೆ ಕಡೆಯ ಅದಿರು ತರಿಸಿಕೊಂಡು ನಡೆಯಿತು. ಉದ್ಯಮ ಮುಚ್ಚಿದರೆ ಆಗಿನ ಕಾನೂನು ಕೊಡಿಸುತ್ತಿದ್ದುದು ಸೇವೆಯ ವರ್ಷವೊಂದಕ್ಕೆ 15 ದಿನಗಳ ವೇತನ. ಚಹದಂಗಡಿಯವನಿಗೆ ಅದೂ ಇಲ್ಲ.

ಅಮೆರಿಕದ ತೈಲ, ರಾಸಾಯನಿಕ ಕಾರ್ಮಿಕರ ಮುಂದಾಳು ಟೋನಿ ಮಜೋಕಿ ಈ ತೊಡಕನ್ನು ಮೊದಲೇ ಕಂಡಿದ್ದನು. ವಿಷದ ಮಣ್ಣನ್ನು ಶುದ್ಧಿಮಾಡಲು ನಿಧಿ ಇರುವಂತೆ, ಕೆಲಸ ಕಳೆದುಕೊಂಡ ಮನುಷ್ಯರಿಗೂ ಏಕೆ ಇರಬಾರದೆಂಬುದು ಅವನ ವಾದ. ಸಂಘಗಳು ದಶಕಗಳ ಕಾಲ ಹಟ ಹಿಡಿದ ಫಲವಾಗಿ, 2015ರ ಪ್ಯಾರಿಸ್ ಒಪ್ಪಂದದ ಪೀಠಿಕೆಯಲ್ಲಿ ದುಡಿಯುವವರ ನ್ಯಾಯಯುತ ಪರಿವರ್ತನೆಯೆಂಬ ಮಾತು ಸೇರಿತು. ಇನ್ನು ಮುಂದೆ ಸರದಿ ಕಲ್ಲಿದ್ದಲಿನದು. ನಮ್ಮ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲಿನಿಂದ ವಿದ್ಯುತ್ತು ತಯಾರಾಗತೊಡಗಿದ್ದು 1985ರಲ್ಲಿ. ಅಲ್ಲಿಯ ಸಂಘಗಳ ಮುಖಂಡರು ಒಮ್ಮೆ ಸಂಸೆಯ ದಾರಿಯಾಗಿ ಮಲ್ಲೇಶ್ವರಕ್ಕೆ ಬಂದು, ಬೀಗ ಹಾಕಿದ ಆ ಮನೆಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬಹುದಲ್ಲವೆ?