ಹೊಳೆಯ ಬಾಳೆ, ತೋಟದ ಬಾಳೆ

ಹರಪನಹಳ್ಳಿ ತಾಲ್ಲೂಕಿನ ಹಲವಾಗಲು ಸೀಮೆಯಂಥ ತುಂಗಭದ್ರಾ ತೀರದ ನೆಲದಲ್ಲಿ ಬಾಳೆ ಎಂಬ ಪದ ತೋಟಕ್ಕೂ ಸಲ್ಲುತ್ತದೆ, ಹೊಳೆಗೂ ಸಲ್ಲುತ್ತದೆ. ತೋಟದ ಬಾಳೆಯನ್ನು ಅರಿಯದ ಕನ್ನಡಿಗರಿಲ್ಲ. ಹೊಳೆಯ ಬಾಳೆಯಾದರೋ ಪ್ರಾಣಿಶಾಸ್ತ್ರದಲ್ಲಿ ವಲ್ಲಾಗೊ ಅಟ್ಟು ಎನಿಸಿಕೊಂಡ, ಬೇರೆ ಮೀನುಗಳನ್ನು ಹಿಡಿದು ತಿಂದು ಬದುಕುವ ಮೀಸೆಮೀನು. ಅದರ ಮೈಮೇಲೆ ಹುರುಪೆಯಿಲ್ಲ. ಬಾಯಿ ಕಣ್ಣನ್ನೂ ದಾಟಿ ಹಿಂದಕ್ಕೆ ಸೀಳಿದೆ. ಬೆನ್ನಿನ ರೆಕ್ಕೆ ತೀರ ಚಿಕ್ಕದಾಗಿದ್ದರೆ, ಹೊಟ್ಟೆಯಡಿಯ ರೆಕ್ಕೆ ಬಾಲದ ಬುಡದವರೆಗೂ ಸೆರಗಿನ ಅಂಚಿನಂತೆ ಹರಿದಿದೆ.

ಎರಡು ಬಾಳೆಗಳು ಮೂಲದಲ್ಲಿ ಒಂದೇ ಪದವಲ್ಲ. ಗಿಡದ ಹೆಸರು ಹಳಗನ್ನಡದಲ್ಲಿ ‘ಬಾೞೆ’. ಅದರಲ್ಲಿದ್ದದ್ದು ವೈಯಾಕರಣರು ರಳ ಎಂದು ಕರೆದ, ಇಂದು ಬಳಕೆಯಿಂದ ಬಿದ್ದುಹೋಗಿರುವ ಅಕ್ಷರ. ಆ ಅಕ್ಷರ ಳಕಾರದಲ್ಲಿ ಕರಗಿದಾಗ ಗಿಡವೂ ಮೀನೂ ಒಂದೇ ಉಚ್ಚಾರಕ್ಕೆ ಬಂದು ನಿಂತವು. ತಮಿಳು ಈ ಭೇದವನ್ನು ಇಂದಿಗೂ ಉಳಿಸಿಕೊಂಡಿದೆ: ಅಲ್ಲಿ ಗಿಡ ‘ವಾೞೈ’, ಮೀನು ‘ವಾಳೈ’. ಕತ್ತಿಯನ್ನು ಹಳಗನ್ನಡ ಬಾಳ್ ಎಂದೂ ತಮಿಳು ವಾಳ್ ಎಂದೂ ಕರೆಯುವುದನ್ನು ನೆನೆದರೆ, ಅಗಲವಾಗಿ ಚಪ್ಪಟೆಗೊಂಡು ಬಾಲದ ಕಡೆಗೆ ಸಪೂರವಾಗುವ ಈ ಮೀನಿನ ಹೆಸರಿಗೆ ಅದೇ ಮೂಲವಿರಬೇಕು ಎನಿಸುತ್ತದೆ. ಕಡಲಿನ ಪಟ್ಟಿಮೀನಿಗೂ, ಅದೂ ಕತ್ತಿಯ ಅಲಗಿನಂತೆಯೇ ಇರುವುದರಿಂದ, ತಮಿಳಿನಲ್ಲಿ ವಾಳೈ ಎಂಬ ಹೆಸರು ಸಲ್ಲುವುದು ಈ ಊಹೆಗೆ ಬಲ ಕೊಡುತ್ತದೆ.

ಸಂಸ್ಕೃತವು ಮೈಕಟ್ಟನ್ನು ಬಿಟ್ಟು ಬಾಯನ್ನು ನೋಡಿತು. ಅಮರಕೋಶದಲ್ಲಿ ‘ಪಾಠೀನ’ಕ್ಕೆ ಕೊಟ್ಟಿರುವ ಪರ್ಯಾಯ ‘ಸಹಸ್ರದಂಷ್ಟ್ರ’, ಎಂದರೆ ಸಾವಿರ ಹಲ್ಲಿನದು. ಪಾಠೀನವನ್ನು ವಿದ್ವಾಂಸರು ಸಾಮಾನ್ಯವಾಗಿ ಈ ಮೀನೆಂದೇ ಗುರುತಿಸುತ್ತಾರೆ. ದವಡೆಗಳ ಮೇಲೆ ಸಾಲುಸಾಲಾಗಿ ಒತ್ತಿಕೊಂಡಿರುವ ಸಣ್ಣ ಹಲ್ಲುಗಳನ್ನು ಕಂಡವರಿಗೆ ಈ ಹೆಸರು ಅತಿಶಯೋಕ್ತಿ ಎನಿಸದು.

ಶಾಸ್ತ್ರೀಯ ನಾಮಕರಣದ ಕಥೆಯಲ್ಲಿ ನೆರೆಭಾಷೆಗಳಿಗೆ ಪಾಲು ಸಿಕ್ಕಿತು, ಕನ್ನಡಕ್ಕೆ ಸಿಗಲಿಲ್ಲ. ಬ್ಲಾಖ್ ಮತ್ತು ಶ್ನೈಡರ್ ಅವರ ಗ್ರಂಥದಲ್ಲಿ ಈ ಜಾತಿ 1801ರಲ್ಲಿ ದಾಖಲಾಯಿತು. 1851ರಲ್ಲಿ ಬ್ಲೀಕರ್ ಕೊಟ್ಟ ‘ವಲ್ಲಾಗೊ’ ಎಂಬ ಕುಲನಾಮ ತೆಲುಗಿನ ‘ವಾಲುಗ’ದ ಲ್ಯಾಟಿನ್ ವೇಷ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇದೇ ಮೀನನ್ನು 1822ರ ತನ್ನ ಗಂಗಾನದಿಯ ಮೀನುಗಳ ಗ್ರಂಥದಲ್ಲಿ, ಬಂಗಾಳಿಯ ‘ಬೋಆಲ್’ ಪದದಿಂದ ‘ಬೋಆಲಿಸ್’ ಎಂದು ವರ್ಣಿಸಿದ. ಮೊದಲು ಕೊಟ್ಟ ಹೆಸರೇ ನಿಲ್ಲಬೇಕೆಂಬ ನಿಯಮದಿಂದ ಅದು ಪರ್ಯಾಯವಾಗಿಯಷ್ಟೇ ಉಳಿಯಿತು. ಬಾಳೆ ಎಂಬುದು ಅಂಬಿಗರ, ಬೆಸ್ತರ ಬಾಯಲ್ಲಿಯೇ ಇದ್ದ ಹೆಸರು. ಅದನ್ನು ಇಷ್ಟು ಕಾಲ ಕಾಪಾಡಿದ ಹಿರಿಮೆ ಕೋಶಗಳಿಗಿಂತ ಅವರಿಗೇ ಹೆಚ್ಚು ಸಲ್ಲಬೇಕು.

ಈಗ ಆ ಬಳಕೆಯೂ ತೆಳುವಾಗುತ್ತಿದೆ. ಕೆರೆ, ಜಲಾಶಯಗಳಿಗೆ ಬಿತ್ತನೆಯಾಗುವುದು ಕಾಟ್ಲಾ, ರೋಹು, ಮೃಗಾಲ್ ಮರಿಗಳು. ಆ ಮರಿಗಳನ್ನೇ ನುಂಗುವ ಬಾಳೆಯನ್ನು ಅವುಗಳ ಜೊತೆ ಸಾಕಲು ಯಾರೂ ಒಪ್ಪರು. ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಇದು ಅಳಿವಿನ ಅಪಾಯಕ್ಕೆ ಸಿಲುಕಬಲ್ಲ ಜಾತಿಗಳ ಸಾಲಿಗೆ ಸೇರಿದೆ. ಪತ್ರಿಕೆಗಳ ‘ಕ್ಯಾಟ್‌ಫಿಶ್’ ಎಂಬ ಸಗಟು ಪದ ನಾಡಿನ ಬಾಳೆಯನ್ನೂ, ಸಾಕಣೆಗೆ ನಿಷೇಧವಿರುವ ಆಫ್ರಿಕಾದ ಮೀನನ್ನೂ ಒಂದೇ ಬುಟ್ಟಿಗೆ ಹಾಕುತ್ತದೆ. ಆದರೆ ಎರಡನ್ನೂ ಬೇರ್ಪಡಿಸಲು ಕಣ್ಣೊಂದೇ ಸಾಕು: ಆಫ್ರಿಕಾದ ಮೀನಿಗೆ ನಾಲ್ಕು ಜೊತೆ ಮೀಸೆ, ಬೆನ್ನುದ್ದಕ್ಕೂ ರೆಕ್ಕೆ; ಬಾಳೆಗೆ ಎರಡೇ ಜೊತೆ ಮೀಸೆ, ಬೆನ್ನ ಮೇಲೆ ಗಿಡ್ಡ ರೆಕ್ಕೆ.